ದಲಾಲ್ ಸ್ಟ್ರೀಟಿನ ಒಂದು ಗಂಟೆಯ ದೀಪಾವಳಿ

ಲಕ್ಷ್ಮೀಪೂಜೆಯ ದಿನ ಮುಂಬಯಿಯ ಷೇರುಪೇಟೆಗೆ ರಜೆ. ಆದರೂ ಅಂದು ಒಂದೇ ಒಂದು ಗಂಟೆ ಪೇಟೆಯ ಬಾಗಿಲು ತೆರೆಯುತ್ತದೆ! ಇದಕ್ಕೆ ಮುಹೂರ್ತದ ವಹಿವಾಟು ಎಂದು ಹೆಸರು. ಮದುವೆ, ಉಪನಯನ, ಗೃಹಪ್ರವೇಶಕ್ಕೆ ಮುಹೂರ್ತ ಕೇಳುವ ಮನೆಯಲ್ಲಿ ಬೆಳೆದ ನಿಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಸಾಮಾನ್ಯವಾಗಿ ದೀಪ ಹಚ್ಚುವ ಹೊತ್ತಿಗೆ ನಡೆಯುತ್ತಿದ್ದ ಈ ಶಾಸ್ತ್ರ 2025ರಲ್ಲಿ ಮಾತ್ರ ಮಧ್ಯಾಹ್ನ 1.45ಕ್ಕೇ ಶುರುವಾಗಿ, ಊಟದ ನಂತರದ ನಿದ್ದೆಯನ್ನು ಕೆಡಿಸಿತು.

1850ರ ದಶಕದಲ್ಲಿ ಟೌನ್ ಹಾಲಿನ ಎದುರಿನ ಆಲದ ಮರದಡಿ ಸೇರುತ್ತಿದ್ದ ದಲಾಲರ ಗುಂಪು 1875ರಲ್ಲಿ ಸಂಘವಾಯಿತು. ಅದೇ ಇಂದಿನ ಬಿ.ಎಸ್.ಇ. ಅಲ್ಲಿ ಮುಹೂರ್ತದ ವಹಿವಾಟು ಆರಂಭವಾದದ್ದು 1957ರಲ್ಲಿ. ದಲಾಲರಲ್ಲಿ ಗುಜರಾತಿಗಳೇ ಹೆಚ್ಚು. ಅವರ ವಿಕ್ರಮ ಸಂವತ್ಸರ ಹುಟ್ಟುವುದು ನಮ್ಮ ಹಾಗೆ ಯುಗಾದಿಗಲ್ಲ, ಬಲಿಪಾಡ್ಯಮಿಗೆ. ಹಳೆಯ ಲೆಕ್ಕ ಮುಗಿಸಿ, ಕೆಂಪು ರಟ್ಟಿನ ಹೊಸ ಚೋಪಡಿಗೆ ಕುಂಕುಮವಿಟ್ಟು, 'ಶುಭ', 'ಲಾಭ' ಎಂದು ಬರೆದು ಪೂಜೆ ಮಾಡಿ, ಆಮೇಲೆ ಶಕುನಕ್ಕೆಂದು ನಾಲ್ಕು ಷೇರು ಕೊಳ್ಳುವುದು ಪದ್ಧತಿ. ನಮ್ಮ ಕರಾವಳಿಯ ಅಂಗಡಿ ಪೂಜೆಯೂ ಇದರ ತಂಗಿಯೇ. ತಕ್ಕಡಿಗೂ ಗಲ್ಲಾಪೆಟ್ಟಿಗೆಗೂ ಹೂವು, ಬಂದ ಗಿರಾಕಿಗೆ ಅವಲಕ್ಕಿ ಪ್ರಸಾದ.

ಅಂದು ಗುಜರಾತಿಗಳು ಕೊಳ್ಳುತ್ತಾರೆ, ಮಾರವಾಡಿಗಳು ಮಾರುತ್ತಾರೆ ಎಂಬ ಮಾತು ಪೇಟೆಯಲ್ಲಿ ಬಹುಕಾಲ ಓಡಾಡಿತ್ತು. ಕೊಳ್ಳುವವನಿಗೆ ಮಾರುವವನೂ ಬೇಕಲ್ಲ, ಏರ್ಪಾಡು ಚೆನ್ನಾಗಿಯೇ ಇತ್ತು! 1995ರಲ್ಲಿ ಕಂಪ್ಯೂಟರ್ ಬಂದು ರಿಂಗಿನ ಕೂಗಾಟ, ಕೈಸನ್ನೆಗಳು ನಿಂತವು. ಈಗ ಕುಂಕುಮ ಬೀಳುವುದು ಪರದೆಯ ಅಂಚಿಗೆ.

ಮುಹೂರ್ತದಲ್ಲಿ ಪೇಟೆ ಏರುತ್ತದೆಂಬುದು ಜನರ ನಂಬಿಕೆ. ಹೆಚ್ಚಿನ ವರ್ಷ ಏರುವುದೂ ನಿಜ. ಹಬ್ಬದ ದಿನ ಮಾರಲು ಮನಸ್ಸಿಲ್ಲದವರೇ ಹೆಚ್ಚು, ವಹಿವಾಟೂ ತೆಳು; ಸಣ್ಣ ಕೊಳ್ಳಿಕೆಗೂ ಬೆಲೆ ಮೇಲೇಳುತ್ತದೆ. 2008ರ ಅಕ್ಟೋಬರ್ 28ರ ಕಥೆ ಕೇಳಿ. ಅಮೆರಿಕದ ಬ್ಯಾಂಕುಗಳು ಮುಗ್ಗರಿಸಿ ಜಗತ್ತೇ ನಡುಗುತ್ತಿದ್ದ ಕಾಲ. ಹಿಂದಿನ ದಿನವಷ್ಟೇ ಸೆನ್ಸೆಕ್ಸ್ 8,000ದ ಕೆಳಗಿಳಿದು ಬಂದಿತ್ತು. ಮುಹೂರ್ತದ ಆ ಒಂದು ಗಂಟೆಯಲ್ಲಿ ಸುಮಾರು 500 ಅಂಶ ಜಿಗಿದು 9,008ಕ್ಕೆ ನಿಂತಿತು. ಪಟಾಕಿ ಹೊಡೆದವರು 2009ರ ಮಾರ್ಚಿಗೆ ಮುಖ ಸಪ್ಪಗೆ ಮಾಡಿಕೊಂಡರು: 8,160! ಹೆದರಿ ಮಾರಿದವರು ಮೇ 18ರಂದು ಇನ್ನೂ ಸಪ್ಪಗಾದರು. ಚುನಾವಣೆಯ ಫಲಿತಾಂಶದ ಬೆನ್ನಿಗೇ ಒಂದೇ ದಿನ ಶೇಕಡಾ 17ರಷ್ಟು ಏರಿ ಸೂಚ್ಯಂಕ 14,284 ಮುಟ್ಟಿತ್ತು. ಲಕ್ಷ್ಮಿ ಚಂಚಲೆ ಎಂದು ಅಜ್ಜಿಯರು ಸುಮ್ಮನೆ ಹೇಳಲಿಲ್ಲ.

ಶಕುನಕ್ಕೆ ಕೊಳ್ಳುವ ಒಂದೆರಡು ಷೇರಿನಿಂದ ಯಾರ ಮನೆಯೂ ಮುಳುಗದು. ನನಗೆ ದಿಗಿಲಾಗುವುದು, ಕಾಲೇಜು ಮುಗಿಸಿ ಮೊದಲ ಸಂಬಳ ಕಂಡ ಹುಡುಗ ಹುಡುಗಿಯರು ಅದೇ ಮೊಬೈಲಿನಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡುವುದನ್ನು ಕಂಡಾಗ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ ಮೂರು ವರ್ಷಗಳಲ್ಲಿ ಈ ಆಟಕ್ಕಿಳಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯರಲ್ಲಿ ಶೇಕಡಾ 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ದೀಪಾವಳಿಯ ರಾತ್ರಿ ಇಸ್ಪೀಟು ಹಿಡಿದರೆ ಗದರುವ ಅಪ್ಪಂದಿರಿಗೆ ಮಗ ಮೊಬೈಲ್ ಹಿಡಿದು ಕೂತದ್ದು ಓದಿನಂತೆಯೇ ಕಾಣುತ್ತದೆ!

ಇನ್ನೊಂದು ಬಗೆಯೂ ಇದೆ. ಪುಣೆಯಲ್ಲಿ ಹುಟ್ಟಿ ಬೆಂಗಳೂರಿಗೆ ಹೋದ ಇನ್ಫೋಸಿಸ್ 1993ರಲ್ಲಿ ಸಾರ್ವಜನಿಕರಿಗೆ 95 ರೂಪಾಯಿಗೊಂದರಂತೆ ಷೇರು ನೀಡಿದಾಗ ಪೂರ್ತಿ ಕೊಳ್ಳುವವರೇ ಇರಲಿಲ್ಲ. ಕೊಂಡು ಮರೆತು ಕೂತವರ ಮನೆಗೆ ಆಮೇಲೆ ಬೋನಸ್ ಷೇರುಗಳು ಬರುತ್ತಲೇ ಇದ್ದವು. ಆ ಷೇರು ಬಿಡುಗಡೆಯಾದದ್ದು ಫೆಬ್ರುವರಿಯಲ್ಲಿ. ಹತ್ತಿರದಲ್ಲಿ ದೀಪಾವಳಿಯೂ ಇರಲಿಲ್ಲ, ಮುಹೂರ್ತವೂ ಇರಲಿಲ್ಲ.