ಕಾಮಕಸ್ತೂರಿ: ಬೀಜದಿಂದ ಬೆಳೆ, ಬೆಳೆಯಿಂದ ಬೀಜ

ಮಲ್ಲಿಗೆ, ಕನಕಾಂಬರ, ಮರುಗ, ದವನಗಳ ಜೊತೆ ಮಾಲೆಗೆ ಕಟ್ಟುವ ಕಾಮಕಸ್ತೂರಿಯನ್ನು ಅರಿಯದವರು ನಮ್ಮಲ್ಲಿ ವಿರಳ. ಇದರ ಬೀಜವನ್ನು ನೀರಿನಲ್ಲಿ ನೆನೆಸಿ ಬೇಸಿಗೆಯ ಪಾನಕಗಳಿಗೆ ಬೆರೆಸುತ್ತಾರೆ. ಅಂಗಡಿಗಳಲ್ಲಿ ಇದಕ್ಕೆ ಸಬ್ಜಾ ಬೀಜವೆಂದು ಹೆಸರು. ಇತ್ತೀಚಿನ ವರ್ಷಗಳಲ್ಲಿ ಸೊಪ್ಪನ್ನು ಅಡುಗೆಗೆಂದು ಕೊಳ್ಳುವ ನಗರದ ಗ್ರಾಹಕರೂ ಇದ್ದಾರೆ. ಆದರೆ ಈ ಬೆಳೆಯ ಬೀಜ ಬಹುಪಾಲು ಹಿತ್ತಲಿನಿಂದ ಹಿತ್ತಲಿಗೆ, ಕೈಯಿಂದ ಕೈಗೆ ಸಾಗುವಂಥದು. ಹೀಗೆ ಸಾಗುವ ಬೀಜ ಶುದ್ಧವಾಗಿದ್ದರೆ ಊರಿಗೆಲ್ಲ ಲಾಭ. ಬೆರಕೆಯಾಗಿದ್ದರೆ ಅಥವಾ ರೋಗವನ್ನು ಹೊತ್ತಿದ್ದರೆ ಒಬ್ಬರ ನಷ್ಟ ಹತ್ತು ಮನೆಗಳ ನಷ್ಟವಾಗುತ್ತದೆ. ಆದ್ದರಿಂದ ಬೀಜ ಬಿತ್ತುವ ಕ್ರಮದಷ್ಟೇ ಬೀಜ ಹಿಡಿಯುವ ಮತ್ತು ಹಂಚುವ ಕ್ರಮವೂ ಮುಖ್ಯ.

ಗಿಡದ ಪರಿಚಯ

ಕಾಮಕಸ್ತೂರಿಯ ಶಾಸ್ತ್ರೀಯ ಹೆಸರು ಆಸಿಮಮ್ ಬೆಸಿಲಿಕಮ್. ಮನೆಯಂಗಳದ ತುಳಸಿ ಇದೇ ಕುಲಕ್ಕೆ ಸೇರಿದ್ದರೂ ಬೇರೆ ಜಾತಿಯದು; ಅದು ಆಸಿಮಮ್ ಟೆನ್ಯುಯಿಫ್ಲೋರಮ್. ಬೇಲಿಯ ಸಾಲಿನಲ್ಲಿ, ಬೀಳು ಭೂಮಿಯಲ್ಲಿ ತಾನಾಗಿ ಹುಟ್ಟುವ ನಾಯಿ ತುಳಸಿ ಮತ್ತೊಂದು ಜಾತಿ. ಅದು ಆಸಿಮಮ್ ಅಮೆರಿಕಾನಮ್. ಊರಿಂದ ಊರಿಗೆ ಈ ಹೆಸರುಗಳು ಅದಲುಬದಲಾಗುವುದುಂಟು. ಆದ್ದರಿಂದ ಬೀಜ ಪಡೆಯುವಾಗ ಹೆಸರೊಂದನ್ನೇ ನಂಬದೆ ಗಿಡವನ್ನು ನೋಡಿ, ಎಲೆ ಹಿಸುಕಿ ವಾಸನೆ ನೋಡಿ ಪಡೆಯುವುದು ಉತ್ತಮ.

ಪ್ರತಿ ಹೂವಿನ ಬಟ್ಟಲಿನಲ್ಲಿ ಸಾಮಾನ್ಯವಾಗಿ ನಾಲ್ಕು ಕಪ್ಪು ಬೀಜಗಳಿರುತ್ತವೆ. ಒಂದು ಗ್ರಾಂ ತೂಕದಲ್ಲಿ ಸುಮಾರು 600 ಬೀಜಗಳು ಬರುತ್ತವೆ. ಬೀಜದ ಹೊರಪದರದಲ್ಲಿ ಲೋಳೆ ಪದಾರ್ಥವಿದ್ದು, ನೀರು ತಾಗಿದ ಕೆಲವೇ ನಿಮಿಷಗಳಲ್ಲಿ ಉಬ್ಬಿ ಬೂದು ಬಣ್ಣದ ಪೊರೆಯಾಗುತ್ತದೆ. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ನೀರಿನಲ್ಲಿ ಚೆನ್ನಾಗಿ ಉಬ್ಬಿದ ಬೀಜ ಬಿತ್ತನೆಗೂ ಒಳ್ಳೆಯದೆಂದು ಕೆಲವರು ಭಾವಿಸುತ್ತಾರೆ. ಉಬ್ಬುವುದು ಹೊರಪದರದ ಗುಣವೇ ಹೊರತು ಒಳಗಿನ ಜೀವದ ಗುರುತಲ್ಲ. ಮೊಳೆಯುವ ಶಕ್ತಿ ಕಳೆದುಕೊಂಡ ಹಳೆಯ ಬೀಜವೂ ಉಬ್ಬುತ್ತದೆ. ತಿನ್ನಲೆಂದು ಮಾರುವ ಬೀಜವನ್ನು ಪರೀಕ್ಷಿಸದೆ ಬಿತ್ತಬಾರದು.

ಮೊಳಕೆ ಪರೀಕ್ಷೆ

ತಟ್ಟೆಯಲ್ಲಿ ಒದ್ದೆ ಬಟ್ಟೆ ಅಥವಾ ಒತ್ತುಕಾಗದ ಹಾಸಿ, ಎಣಿಸಿದ 100 ಬೀಜಗಳನ್ನು ಒಂದಕ್ಕೊಂದು ತಾಗದಂತೆ ಇಡಬೇಕು. ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ತೇವ ಆರದಂತೆ ನೋಡಿಕೊಳ್ಳಬೇಕು. ಬೆಚ್ಚಗಿನ ದಿನಗಳಲ್ಲಿ ನಾಲ್ಕೈದು ದಿನಕ್ಕೇ ಮೊಳಕೆ ಕಾಣಿಸುತ್ತದೆ. 14ನೆಯ ದಿನದವರೆಗೆ ಎಣಿಸಿ ಲೆಕ್ಕ ಮುಗಿಸಬೇಕು. ನೂರಕ್ಕೆ 70ಕ್ಕಿಂತ ಹೆಚ್ಚು ಮೊಳೆತರೆ ಬೀಜ ಧಾರಾಳವಾಗಿ ಬಿತ್ತನೆಗೆ ಯೋಗ್ಯ. ಅರ್ಧದಷ್ಟು ಮಾತ್ರ ಮೊಳೆತರೆ ಬೀಜದ ಪ್ರಮಾಣವನ್ನು ಹೆಚ್ಚಿಸಬೇಕು. ಅದಕ್ಕೂ ಕಡಿಮೆಯಿದ್ದರೆ ಬೇರೆ ಬೀಜ ಹುಡುಕುವುದೇ ಲೇಸು.

ಸಸಿಮಡಿ

ಮಳೆಗಾಲದ ಬೆಳೆಗೆ ಮೇ ಅಥವಾ ಜೂನ್ ತಿಂಗಳಲ್ಲಿ ಸಸಿಮಡಿ ಮಾಡಬೇಕು. ನೀರಾವರಿ ಇದ್ದಲ್ಲಿ ಸೆಪ್ಟೆಂಬರ್ ನಂತರವೂ ಬೆಳೆಯಬಹುದು. ಒಂದು ಗುಂಟೆ ಜಮೀನಿಗೆ 45 × 30 ಸೆಂ.ಮೀ. ಅಂತರದಲ್ಲಿ ಸುಮಾರು 750 ಸಸಿಗಳು ಬೇಕು. ಇದಕ್ಕೆ 3 ಗ್ರಾಂ ಒಳ್ಳೆಯ ಬೀಜ ಸಾಕು.

ಒಂದು ಮೀಟರ್ ಅಗಲ, ಎರಡು ಮೂರು ಮೀಟರ್ ಉದ್ದ, 15 ಸೆಂ.ಮೀ. ಎತ್ತರದ ಏರುಮಡಿ ಮಾಡಿ, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರವನ್ನು ಬೆರೆಸಬೇಕು. ಗೊಬ್ಬರಕ್ಕೆ ಮೊದಲೇ ಟ್ರೈಕೋಡರ್ಮಾ ಜೈವಿಕ ಶಿಲೀಂಧ್ರವನ್ನು ಬೆರೆಸಿಟ್ಟಿದ್ದರೆ ಸಸಿ ಕೊಳೆಯುವ ರೋಗ ಕಡಿಮೆಯಾಗುತ್ತದೆ. ಬೀಜ ಸಣ್ಣದಾದ್ದರಿಂದ ಅದರ ನಾಲ್ಕೈದು ಪಾಲು ಒಣ ಮರಳಿನೊಡನೆ ಬೆರೆಸಿ, 8 ಸೆಂ.ಮೀ. ಅಂತರದ ಸಾಲುಗಳಲ್ಲಿ ತೆಳುವಾಗಿ ಬಿತ್ತಬೇಕು. ಅರ್ಧ ಸೆಂ.ಮೀ.ಗಿಂತ ಹೆಚ್ಚು ಮಣ್ಣು ಮುಚ್ಚಬಾರದು. ಬೀಜವನ್ನು ನೆನೆಸಿ ಬಿತ್ತಬಾರದು. ಲೋಳೆಯಿಂದ ಬೀಜಗಳು ಒಂದಕ್ಕೊಂದು ಅಂಟಿ ಗುಂಪಾಗಿ ಬೀಳುತ್ತವೆ.

ಮೇಲೆ ತೆಳುವಾಗಿ ಹುಲ್ಲು ಹೊದಿಸಿ, ಸಣ್ಣ ತೂತಿನ ಕ್ಯಾನಿನಿಂದ ನೀರು ಚಿಮುಕಿಸಬೇಕು. ಮೊಳಕೆ ಕಂಡ ಕೂಡಲೇ ಹುಲ್ಲನ್ನು ತೆಗೆಯಬೇಕು. ತಡಮಾಡಿದರೆ ಸಸಿಗಳು ಬಿಳಿಚಿಕೊಂಡು ಉದ್ದವಾಗುತ್ತವೆ. ನಾಲ್ಕರಿಂದ ಆರು ವಾರಗಳಲ್ಲಿ, ನಾಲ್ಕೈದು ಎಲೆ ಬಂದ ಮೇಲೆ, ಸಂಜೆಯ ಹೊತ್ತು ನಾಟಿ ಮಾಡಬೇಕು. ಗುಂಟೆಗೆ 100 ಕಿಲೋ ಕೊಟ್ಟಿಗೆ ಗೊಬ್ಬರವನ್ನು ನಾಟಿಗೆ ಮೊದಲು ಸೇರಿಸಬೇಕು. ನೀರು ನಿಲ್ಲುವ ಜಾಗ ಈ ಬೆಳೆಗೆ ಒಗ್ಗದು.

ತಳಿ ಕೆಡುವುದು ಹೇಗೆ?

ಕಾಮಕಸ್ತೂರಿಯ ಹೂವಿನಲ್ಲಿ ಗಂಡು ಭಾಗ ಮೊದಲು ಪಕ್ವವಾಗಿ, ಹೆಣ್ಣು ಭಾಗ ಅನಂತರ ಸಿದ್ಧವಾಗುತ್ತದೆ. ಜೇನುನೊಣಗಳು ಈ ಹೂವಿಗೆ ಬಹಳವಾಗಿ ಬರುತ್ತವೆ. ಹೀಗಾಗಿ ಒಂದು ಗಿಡದ ಪರಾಗ ಇನ್ನೊಂದು ಗಿಡಕ್ಕೆ ಸುಲಭವಾಗಿ ಸೇರುತ್ತದೆ. ಹಸಿರು ಕಾಂಡದ್ದು, ನೇರಳೆ ಕಾಂಡದ್ದು, ನಗರದಿಂದ ತಂದ ಅಗಲ ಎಲೆಯದು, ಇವೆಲ್ಲ ಒಂದೇ ಹಿತ್ತಲಲ್ಲಿ ಹೂಬಿಟ್ಟರೆ ಮುಂದಿನ ವರ್ಷದ ಸಸಿಗಳಲ್ಲಿ ಬೆರಕೆ ಖಂಡಿತ. ನಾಯಿ ತುಳಸಿಯೂ ಇದರೊಡನೆ ಕೂಡಬಲ್ಲದು. ನಿಂಬೆಯ ವಾಸನೆಯ ಕಾಮಕಸ್ತೂರಿ ಈ ಎರಡು ಜಾತಿಗಳ ಕೂಡುವಿಕೆಯಿಂದಲೇ ಬಂದದ್ದು.

ಬೆರಕೆಯಾದ ವರ್ಷ ಗಿಡದಲ್ಲಿ ಏನೂ ಕಾಣುವುದಿಲ್ಲ. ತಾಯಿಗಿಡದ ಎಲೆ, ವಾಸನೆ ಮೊದಲಿನಂತೆಯೇ ಇರುತ್ತದೆ. ಬೀಜ ಬಿತ್ತಿದವರಿಗೆ ಮಾತ್ರ ಅದರ ಫಲ ಕಾಣುತ್ತದೆ. ಬೀಜ ಕೊಟ್ಟವರು ಮೋಸ ಮಾಡಿದರೆಂದು ಪಡೆದವರು ಭಾವಿಸುವುದು ಇಂಥ ಸಂದರ್ಭದಲ್ಲೇ.

ಇದನ್ನು ತಡೆಯಲು ಕೆಳಗಿನ ಕ್ರಮಗಳಲ್ಲಿ ಅನುಕೂಲವಾದುದನ್ನು ಅನುಸರಿಸಬಹುದು.

1. ಬೀಜಕ್ಕೆ ಬಿಟ್ಟ ತಳಿ ಹೂವಿನಲ್ಲಿರುವಾಗ ಸುತ್ತಲ ಇತರ ತಳಿಗಳ ಹಾಗೂ ನಾಯಿ ತುಳಸಿಯ ಹೂಗೊಂಚಲುಗಳನ್ನು ವಾರಕ್ಕೆರಡು ಸಲ ಚಿವುಟಬೇಕು. ಇದರಿಂದ ಅವುಗಳ ಸೊಪ್ಪೂ ಹೆಚ್ಚುತ್ತದೆ.
2. ದೊಡ್ಡ ಪ್ರಮಾಣದಲ್ಲಿ ಬೀಜ ತೆಗೆಯುವವರು ಬೇರೆ ತಳಿಗಳಿಂದ ಕೆಲವು ನೂರು ಮೀಟರ್ ದೂರವಿಡಬೇಕು.
3. ನಾಲ್ಕಾರು ಗಿಡಗಳಷ್ಟೇ ಇದ್ದರೆ ಮೊಗ್ಗಿನ ಹಂತದಲ್ಲಿಯೇ ಸೊಳ್ಳೆಪರದೆ ಬಟ್ಟೆ ಕಟ್ಟಿ, ಆಗಾಗ ಗೊಂಚಲುಗಳನ್ನು ಮೆಲ್ಲಗೆ ಅಲುಗಿಸಬೇಕು. ಬೀಜ ಕಡಿಮೆಯಾದರೂ ಶುದ್ಧವಾಗಿರುತ್ತದೆ.
4. ವಿಶೇಷ ವಾಸನೆಯ ಗಿಡವೊಂದೇ ಇದ್ದರೆ ಕಡ್ಡಿಯಿಂದ ಬೆಳೆಸಬೇಕು. ಹೂಬಿಡದ ತುದಿಯನ್ನು ನೀರಿನಲ್ಲಿಟ್ಟರೆ ಒಂದೆರಡು ವಾರಗಳಲ್ಲಿ ಬೇರೊಡೆಯುತ್ತದೆ.

ಬೀಜ ಹಿಡಿಯುವ ಕ್ರಮ

ಒಂದೇ ಗಿಡದಿಂದ ಬೀಜ ಹಿಡಿಯದೆ ಕನಿಷ್ಠ 10ರಿಂದ 20 ಆರೋಗ್ಯವಂತ ಗಿಡಗಳನ್ನು ಆರಿಸಬೇಕು. ಹೂಬಿಡುವ ಮೊದಲೇ ಎಲೆಯ ಆಕಾರ, ಕಾಂಡದ ಬಣ್ಣ, ವಾಸನೆ ಬೇರೆಯಾದ ಗಿಡಗಳನ್ನು ಕಿತ್ತುಹಾಕಬೇಕು. ಬೀಜದ ಗಿಡಗಳಿಂದ ಪದೇ ಪದೇ ಸೊಪ್ಪು ಕೊಯ್ಯಬಾರದು.

ಗೊಂಚಲು ಬುಡದಿಂದ ತುದಿಗೆ ಮಾಗುತ್ತದೆ. ತುದಿ ಮಾಗುವವರೆಗೆ ಕಾದರೆ ಬುಡದ ಬೀಜ ಉದುರಿಹೋಗುತ್ತದೆ. ಮೂರರಲ್ಲಿ ಎರಡು ಪಾಲು ಕಂದು ಬಣ್ಣಕ್ಕೆ ತಿರುಗಿದಾಗ, ಬೆಳಗಿನ ತಂಪಿನಲ್ಲಿ ಕತ್ತರಿಸಿ, ಬಟ್ಟೆಯ ಮೇಲೆ ನೆರಳಿನಲ್ಲಿ ಒಣಗಿಸಬೇಕು. ಅನಂತರ ಅಂಗೈಯಲ್ಲಿ ಉಜ್ಜಿ, ಜರಡಿ ಹಿಡಿದು, ಮೊರದಲ್ಲಿ ಕೇರಬೇಕು. ಯಾವ ಕಾರಣಕ್ಕೂ ನೀರಿನಲ್ಲಿ ತೊಳೆಯಬಾರದು.

ಸಂಗ್ರಹಣೆಯಲ್ಲಿ ಬೀಜದ ಶತ್ರು ತೇವ ಮತ್ತು ಶಾಖ. ಬೀಜದ ತೇವಾಂಶ ಶೇಕಡಾ ಒಂದರಷ್ಟು ತಗ್ಗಿದರೆ, ಅಥವಾ ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ತಗ್ಗಿದರೆ, ಬೀಜದ ಆಯಸ್ಸು ಸುಮಾರು ಎರಡರಷ್ಟಾಗುತ್ತದೆಂಬುದು ಬೀಜಶಾಸ್ತ್ರದ ಸ್ಥೂಲ ನಿಯಮ. ಅಕ್ಕಿಯನ್ನು ಬಾಣಲೆಯಲ್ಲಿ ಚೆನ್ನಾಗಿ ಬಿಸಿಮಾಡಿ ಒಣಗಿಸಿ, ಆರಿದ ಕೂಡಲೇ ಬಟ್ಟೆಯಲ್ಲಿ ಕಟ್ಟಿ, ಬೀಜದ ಪೊಟ್ಟಣದೊಡನೆ ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿಟ್ಟರೆ ಅಕ್ಕಿ ತೇವವನ್ನು ಹೀರಿಕೊಳ್ಳುತ್ತದೆ. ಭರಣಿಯನ್ನು ಒಲೆಯಿಂದ ದೂರ, ಕತ್ತಲೆಯ ತಂಪು ಜಾಗದಲ್ಲಿಡಬೇಕು.

ಬೀಜದೊಡನೆ ಬರುವ ರೋಗ

ಸೊರಗು ರೋಗ ಮತ್ತು ಬೂಜು ತುಪ್ಪಟ ರೋಗ ಎರಡೂ ಕಾಮಕಸ್ತೂರಿಯ ಬೀಜದ ಮೂಲಕ ಹರಡಬಲ್ಲವು. ಬೂಜು ತುಪ್ಪಟ ರೋಗದ ಇತಿಹಾಸ ಎಲ್ಲರಿಗೂ ಪಾಠ. 2001ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ, 2003ರಲ್ಲಿ ಇಟಲಿಯಲ್ಲಿ, 2007ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇದು ಕಾಣಿಸಿಕೊಂಡಿತು. ರೋಗಾಣುವಿಗೆ ಪೆರೊನೊಸ್ಪೋರಾ ಬೆಲ್‌ಬಾರಿ ಎಂಬ ಹೆಸರು ದೊರೆತದ್ದೇ 2009ರಲ್ಲಿ. ಹೀಗೆ ದೇಶದಿಂದ ದೇಶಕ್ಕೆ ಹಬ್ಬಲು ರೋಗ ತಗುಲಿದ ಬೀಜವೇ ಮುಖ್ಯ ದಾರಿ.

ಮೊದಲು ಎಲೆಯ ನರಗಳ ನಡುವೆ ಹಳದಿ ಬಣ್ಣ ಕಾಣುತ್ತದೆ. ಗೊಬ್ಬರದ ಕೊರತೆಯೆಂದು ತಿಳಿದು ಹಲವರು ಯೂರಿಯಾ ಹಾಕಲು ಹೊರಡುತ್ತಾರೆ. ಮುಂಜಾನೆ ಎಲೆಯನ್ನು ಮಗುಚಿ ನೋಡಬೇಕು. ಅಡಿಭಾಗದಲ್ಲಿ ಬೂದು ಅಥವಾ ನಸುನೇರಳೆ ಬಣ್ಣದ ಬೂಜು ಇದ್ದರೆ ಇದೇ ರೋಗವೆಂದು ಶಂಕಿಸಿ, ಗಿಡಗಳನ್ನು ಚೀಲದಲ್ಲಿ ಕಟ್ಟಿ ತೆಗೆದು ಸುಡಬೇಕು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಿಳಿಸಬೇಕು. ಅಂಥ ತಾಕಿನ ಬೀಜವನ್ನು ಯಾರಿಗೂ ಕೊಡಬಾರದು. ಇತರ ಕೆಲವು ಬೆಳೆಗಳಲ್ಲಿ ಬೀಜದ ರೋಗಕ್ಕೆ ಬಿಸಿನೀರಿನ ಉಪಚಾರ ಮಾಡುವುದುಂಟು. ಕಾಮಕಸ್ತೂರಿ ಬೀಜ ಲೋಳೆಯಾಗುವುದರಿಂದ ಮನೆಯಲ್ಲಿ ಈ ಉಪಚಾರ ಮಾಡಲಾಗದು. ಆದ್ದರಿಂದ ರೋಗವಿಲ್ಲದ ಗಿಡದಿಂದ ಬೀಜ ಹಿಡಿಯುವುದೇ ದಾರಿ.

ಪರದೇಶದಲ್ಲಿರುವ ಮಕ್ಕಳು, ನೆಂಟರು ಪ್ರೀತಿಯಿಂದ ಬೀಜದ ಪೊಟ್ಟಣ ಕಳಿಸುವುದುಂಟು. 2003ರ ಸಸ್ಯ ಸಂಪರ್ಕನಿರೋಧ ಆದೇಶದಂತೆ ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರಗಳಿಲ್ಲದೆ ಬಿತ್ತನೆ ಬೀಜ ತರಿಸುವಂತಿಲ್ಲ. ಮೇಲೆ ಹೇಳಿದ ರೋಗವೇ ಇದಕ್ಕೆ ತಕ್ಕ ಕಾರಣ.

ಹಂಚುವಾಗ ಗಮನಿಸಬೇಕಾದುದು

ಬೀಜ ಹಂಚಿಕೊಳ್ಳುವುದು ರೈತರ ಹಳೆಯ ಪದ್ಧತಿ ಮಾತ್ರವಲ್ಲ, ಕಾನೂನು ಮನ್ನಿಸಿದ ಹಕ್ಕು. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯಿದೆಯಂತೆ, ನೋಂದಾಯಿತ ತಳಿಯಾದರೂ ರೈತರು ತಾವು ಬೆಳೆದ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಅಂಥ ತಳಿಯ ಬೀಜವನ್ನು ಬ್ರಾಂಡು ಹಾಕಿ ಮಾರುವಂತಿಲ್ಲ.

ಬೀಜವನ್ನು ಒಣ ಕಾಗದದ ಪೊಟ್ಟಣದಲ್ಲಿ ಕೊಡಬೇಕು. ಪೊಟ್ಟಣದ ಮೇಲೆ ಐದು ಸಂಗತಿ ಬರೆಯಬೇಕು: ತಳಿಯ ಹೆಸರು ಮತ್ತು ಗುರುತು, ಬೆಳೆದ ಊರು, ಬೀಜ ಹಿಡಿದ ತಿಂಗಳು ಮತ್ತು ವರ್ಷ, ನೂರಕ್ಕೆ ಎಷ್ಟು ಮೊಳೆತವು, ಹತ್ತಿರದಲ್ಲಿ ಬೇರೆ ತಳಿ ಇತ್ತೇ ಇಲ್ಲವೇ. ಕೊನೆಯದನ್ನು ಮರೆಮಾಚದೆ ಬರೆದರೆ ಪಡೆದವರು ಬೆರಕೆ ಸಸಿಗಳನ್ನು ಗುರುತಿಸಿ ಕೀಳಲು ಸಿದ್ಧರಿರುತ್ತಾರೆ. ಪಡೆದವರು ಮೊದಲ ವರ್ಷ ಹೊಸ ಬೀಜವನ್ನು ಕುಂಡದಲ್ಲೋ ಮೂಲೆಯ ಪಾತಿಯಲ್ಲೋ ಬೇರೆಯಾಗಿ ಬೆಳೆದು ನೋಡಬೇಕು.

ಇರುವ ಬೀಜವನ್ನೆಲ್ಲ ಒಮ್ಮೆಗೇ ಬಿತ್ತಬಾರದು, ಕೊಡಲೂಬಾರದು. ಅರ್ಧವನ್ನು ಭರಣಿಯಲ್ಲಿ ಉಳಿಸಿಕೊಂಡು, ಉಳಿದುದರಲ್ಲಿ ಒಂದು ಪಾಲನ್ನು ಕನಿಷ್ಠ ಎರಡು ಮೂರು ಮನೆಗಳಿಗೆ ಕೊಟ್ಟಿರಬೇಕು. ಮಳೆ ಹೆಚ್ಚಾಗಿಯೋ ರೋಗ ಬಂದೋ ಒಂದು ಮನೆಯ ಬೆಳೆ ಕೆಟ್ಟರೆ ಇನ್ನೊಂದು ಮನೆಯಿಂದ ಅದೇ ತಳಿಯನ್ನು ಮರಳಿ ಪಡೆಯಬಹುದು. ಗುಂಟೆಯೊಂದಕ್ಕೆ 3 ಗ್ರಾಂ ಸಾಕಾಗುವ ಈ ಬೆಳೆಯಲ್ಲಿ ಇದಕ್ಕೆ ತಗಲುವ ಖರ್ಚು ಒಂದು ಹಾಳೆ ಕಾಗದದ್ದು ಮಾತ್ರ.