ಮುದ್ದೆ ಎಷ್ಟು ದಪ್ಪ ಇರಬೇಕು, ಅವಳೇ ಹೇಳಲಿ

ನಾನು ಅರಸೀಕೆರೆಯವಳು, ನರ್ಸ್. ಸರ್ವೀಸಿನ ಹೆಚ್ಚಿನ ವರ್ಷಗಳು ಕಳೆದದ್ದು ಬೆಂಗಳೂರಿನಲ್ಲಿ, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುವವರು ಕೆಲವು ತಿಂಗಳು ಉಳಿಯುವ ಒಂದು ಮನೆಯಲ್ಲಿ. ಊಟದ ಕಾಯಿಲೆಯವರು ಅಲ್ಲಿಗೆ ಅಪರೂಪಕ್ಕೆ ಬರುತ್ತಿದ್ದರು. ಬಂದವರಲ್ಲಿ ನಮ್ಮ ಕಡೆಯ ಹುಡುಗಿಯೊಬ್ಬಳಿದ್ದಳು. ಬೇಲೂರು ಹಳೇಬೀಡಿನ ನಡುವಿನ ಒಂದು ಹಳ್ಳಿ ಅಂದರೆ ಸಾಕು.

ನಾನು ಬಾಯಿ ತೆರೆದದ್ದೇ ತಡ, ಅವಳ ಅಮ್ಮ ನನ್ನೂರು ಯಾವ ಕಡೆ ಅಂತ ಹಿಡಿದುಬಿಟ್ಟರು. "ಸಿಸ್ಟರ್, ನಮ್ ಹುಡುಗಿ ಊಟ ಬಿಟ್ಟವ್ಳೆ. ತಾಯ್ತ ಕಟ್ಟಿಸಿದ್ದಾಯ್ತು, ಎಂಡೋಸ್ಕೋಪಿ ಮಾಡಿಸಿದ್ದಾಯ್ತು. ಹೊಟ್ಟೆ ತುಂಬ್ದಂಗೈತೆ ಅಂತಾಳೆ, ಅಷ್ಟೇಯ." ಸೋಮವಾರ, ಶನಿವಾರ, ಸಂಕಷ್ಟಿ ಎಂದು ಉಪವಾಸಗಳು ಒಂದೊಂದಾಗಿ ಸೇರಿಕೊಂಡಿದ್ದವು. ಮನೆಯವರು ಭಕ್ತಿ ಅಂದುಕೊಂಡಿದ್ದರು. ಮುಟ್ಟು ನಿಂತು ತಿಂಗಳುಗಳಾಗಿದ್ದವು.

ಊಟವನ್ನೇ ಬಿಡಿಸುವ ಅನೊರೆಕ್ಸಿಯಾ ಎಂಬ ಈ ಕಾಯಿಲೆ ಅಂದರೆ ಕನ್ನಡಿ ಮುಂದೆ ನಿಂತು 'ನಾನು ದಪ್ಪ' ಎಂದು ಅಳುವ ಪೇಟೆ ಹುಡುಗಿ ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ದಿಲ್ಲಿಯ ಏಮ್ಸ್ ವೈದ್ಯರು 1995ರಲ್ಲಿ ಐದು ಯುವತಿಯರ ಬಗ್ಗೆ ಬರೆದರು: ಊಟ ಬೇಡ, ವಾಂತಿ, ತೂಕ ಇಳಿಕೆ, ಮುಟ್ಟಿಲ್ಲ, ಆದರೆ ಮೈಯ ಆಕಾರದ ಚಿಂತೆ ಅಷ್ಟಾಗಿ ಕಾಣಲಿಲ್ಲ. ನಮ್ಮ ಹುಡುಗಿಯರ ಕಾಯಿಲೆ 'ಗ್ಯಾಸ್ಟ್ರಿಕ್' ಹೆಸರಿನಲ್ಲಿ ವರ್ಷಗಟ್ಟಲೆ ಅಲೆಯುವುದು ಹೀಗೆಯೇ. ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಮನೋವೈದ್ಯರನ್ನೇ ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರು ಊಟದ ಕಾಯಿಲೆಯ ಒಬ್ಬರನ್ನಾದರೂ ನೋಡಿದ್ದರು.

ಅವಳು ನೇರವಾಗಿ ನಮ್ಮಲ್ಲಿಗೆ ಬಂದವಳಲ್ಲ. ಮೊದಲು ಆಸ್ಪತ್ರೆ ವಾರ್ಡು. ಬಹಳ ದಿನ ಹಸಿದ ಮೈಗೆ ಒಮ್ಮೆಗೇ ಹೊಟ್ಟೆತುಂಬ ಬಡಿಸಿದರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಹೃದಯವೇ ನಿಲ್ಲಬಹುದು. ರಕ್ತಪರೀಕ್ಷೆ ಮಾಡಿಸುತ್ತ, ಸ್ವಲ್ಪಸ್ವಲ್ಪವೇ ಏರಿಸಬೇಕು. ಅಕ್ಕರೆಯ ಅಜ್ಜಿಯರಿಗೆ ಇದನ್ನು ಒಪ್ಪಿಸುವುದು ಕಷ್ಟದ ಕೆಲಸ.

ನಮ್ಮ ಆರೈಕೆ ಮನೆಯಲ್ಲಿ ಮೂರು ಊಟ, ನಡುವೆ ಮೂರು ಸಲ ತಿಂಡಿ. ನಾವೂ ಜೊತೆಗೇ ಕೂತು ತಿನ್ನುವುದು. ಡಯಟೀಷಿಯನ್ ಕೊಟ್ಟ ಚಾರ್ಟಿನಲ್ಲಿ ಬ್ರೆಡ್ಡು, ಚಪಾತಿ, ಪನೀರ್ ಇತ್ತು. ಚಪಾತಿಯನ್ನು ಅವಳು ಉಗುರಿನಷ್ಟು ಚೂರು ಮಾಡಿ, ಅರ್ಧವನ್ನು ತಟ್ಟೆಯ ಅಂಚಿಗೆ ತಳ್ಳಿ, ಉಳಿದದ್ದನ್ನು ದುಪಟ್ಟಾಕ್ಕೆ ಸೇರಿಸುತ್ತಿದ್ದಳು. ಗದರಿದರೆ ಚೂರು ಇನ್ನೂ ಸಣ್ಣದಾಗುತ್ತಿತ್ತು. 'ನಿಮ್ಮನೇಲಿ ಏನು ಮಾಡ್ತಾರೆ?' ಅಂತ ಕೇಳಲು ಯಾರಿಗೂ ಹೊಳೆದಿರಲಿಲ್ಲ. ಕೇಳಿದಾಗ ಸುಮಾರು ಹೊತ್ತು ಸುಮ್ಮನಿದ್ದು, "ಮುದ್ದೆ, ಬಸ್ಸಾರು" ಅಂದಳು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ಚೂರು ಮಾಡಿ ಬಚ್ಚಿಡಲೂ ಆಗದು. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಕೇಳಿದಳು. ಮೊದಲ ದಿನ ನಿಂಬೆಹಣ್ಣಿನ ಗಾತ್ರ ಸಾಕು ಎಂದಳು. ದಪ್ಪ ಎಷ್ಟು, ಪಕ್ಕದಲ್ಲಿ ಯಾರು ಕೂರಬೇಕು, ತೂಕದ ಅಂಕಿ ತನಗೆ ಹೇಳಬೇಕೋ ಬೇಡವೋ, ಎಲ್ಲ ಅವಳೊಂದಿಗೆ ಕೂತೇ ತೀರ್ಮಾನವಾಯಿತು. ವ್ಯಕ್ತಿಯನ್ನೇ ನಡುವೆ ಇಟ್ಟುಕೊಂಡ ಆರೈಕೆ ಅಂತ ಪುಸ್ತಕದಲ್ಲಿ ಬರೆಯುವುದು ಇದನ್ನೇ.

ಹಾಗಂತ ಎಲ್ಲವೂ ಅವಳಿಷ್ಟ ಅಲ್ಲ. ತಿನ್ನಬೇಕೋ ಬೇಡವೋ ಎಂಬುದು ಚರ್ಚೆಗಿಲ್ಲ. ಊಟವಾದ ಮೇಲೆ ಒಂದು ಗಂಟೆ ಬಚ್ಚಲ ಕಡೆ ಹೋಗುವಂತಿಲ್ಲ, ನಾಡಿ ಇಳಿದರೆ ಮತ್ತೆ ಆಸ್ಪತ್ರೆಗೆ. ಇದನ್ನು ಸೇರುವ ದಿನವೇ ಹೇಳಿರುತ್ತೇವೆ. ಹಸಿದ ಮಿದುಳು ನೆಟ್ಟಗೆ ತೀರ್ಮಾನ ಮಾಡುವುದಿಲ್ಲ. 1944-45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ಸಂಶೋಧಕ 36 ಆರೋಗ್ಯವಂತ ಗಂಡಸರನ್ನು, ಅವರ ಒಪ್ಪಿಗೆ ಪಡೆದೇ, ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇಟ್ಟು ನೋಡಿದ. ಅವರು ಅಡುಗೆ ಪುಸ್ತಕ ಓದತೊಡಗಿದರು, ತಟ್ಟೆ ನೆಕ್ಕಿದರು, ಮಂಕಾದರು, ಸಿಡುಕಿದರು. ಹುಡುಗಿಯ ಹಟ ಎಂದು ನಾವು ಬೈಯುವುದರಲ್ಲಿ ಬಹುಪಾಲು ಹಸಿವಿನದ್ದೇ ಕಾಟ.

ಈ ಕಾಯಿಲೆಗೇ ಮೀಸಲಾದ ಮನೆಗಳು ನಮ್ಮಲ್ಲಿ ಬಹಳ ಕಡಿಮೆ, ಖರ್ಚೂ ಜಾಸ್ತಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಚೇತರಿಸಿಕೊಳ್ಳುವವರು ಉಳಿಯುವ ಹಾಫ್‌ವೇ ಹೋಮ್‌ಗಳನ್ನು ಸರ್ಕಾರವೇ ಒದಗಿಸಬೇಕಾದ ಸೇವೆಗಳ ಪಟ್ಟಿಗೆ ಸೇರಿಸಿದೆ. ಕಾಗದದ ಮೇಲೆ ಇದೆ. ಕೊಬ್ಬರಿಗೆ ಮಾರುಕಟ್ಟೆ ಇರುವ ನಮ್ಮೂರಿನಲ್ಲಿ ಅಂಥದ್ದೊಂದು ನಾನು ಕಂಡಿಲ್ಲ. ಹಾಗಾಗಿ ಮನೆಯವರನ್ನು ಮೊದಲ ವಾರದಿಂದಲೇ ಜೊತೆಗೆ ಕೂರಿಸಿಕೊಳ್ಳಬೇಕು. ಆ ತಾಯಿ ನಮ್ಮ ಅಡುಗೆಮನೆಯಲ್ಲೇ ಮುದ್ದೆ ತಿರುವಿ, ಮಗಳ ಪಕ್ಕ ಕೂತು, 'ತಿನ್ನು ತಿನ್ನು' ಅನ್ನದೆ ಬೇರೆ ಮಾತಾಡುವುದನ್ನು ಕಲಿತರು. ಹುಡುಗಿ ಊರಿಗೆ ಹೋದ ಮೇಲೂ ಒಮ್ಮೆ ಜಾರಿ, ಮತ್ತೆ ಸರಿಹೋದಳು. ಇದು ಹಾಗೇ ಏರಿಳಿಯುವ ಕಾಯಿಲೆ.

ನಿಮ್ಮ ಮನೆಯಲ್ಲಿ ಯಾರಾದರೂ ಊಟ ತಪ್ಪಿಸುತ್ತಿದ್ದರೆ, ಮುಟ್ಟು ನಿಂತಿದ್ದರೆ, ಎದ್ದಾಗ ತಲೆ ಸುತ್ತುತ್ತಿದ್ದರೆ ಮೊದಲು ನಾಡಿ, ಬಿಪಿ, ರಕ್ತ ನೋಡಿಸಿ. ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ, ಹಾಸನಕ್ಕೆ ಬೇಲೂರಿನಿಂದಲೂ ಅರಸೀಕೆರೆಯಿಂದಲೂ ನೇರ ಬಸ್ಸಿದೆ. ಹೋಗಲು ಹಿಂಜರಿಕೆಯಾದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.