ಮನೆತನದ ಮೂಲವೂ ಗ್ರಾಮದ ನಕಾಶೆಯೂ

ತನ್ನ ಮನೆತನದ ಹಿಂದಿನ ಸಂಗತಿಗಳನ್ನು ತಿಳಿಯಬೇಕೆಂಬ ಹಂಬಲ ಯಾರಿಗೆ ತಾನೆ ಇಲ್ಲ? ಆದರೆ ನಮ್ಮ ಅಂಕೋಲೆಯ ಕಡೆಯಲ್ಲಿ ಈ ಕೆಲಸಕ್ಕೆ ಕೈಹಚ್ಚಿದವನು ಮೊದಲು ಎಡವುವದು ಹೆಸರುಗಳ ಮೇಲೆ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ರೂಢಿ ನಮ್ಮಲ್ಲಿ ಬಲವಾದದ್ದು. ಒಂದು ಕೇರಿಯೆಲ್ಲ ನಾಯಕರು, ಇನ್ನೊಂದು ಕೊಪ್ಪವೆಲ್ಲ ಗೌಡರು. ವೆಂಕಣ್ಣ, ಬೊಮ್ಮಯ್ಯ, ಬೀರಣ್ಣ ಎಂಬ ನಾಲ್ಕಾರು ಹೆಸರುಗಳೇ ತಲೆಮಾರಿನಿಂದ ತಲೆಮಾರಿಗೆ ತಿರುಗುತ್ತ ಬಂದಿವೆ. ಹೆಸರನ್ನೇ ನಂಬಿ ಹೊರಟರೆ ಮೂರನೆಯ ತಲೆಮಾರಿಗೆ ದಾರಿ ತಪ್ಪುವದು ನಿಶ್ಚಯ. ಹೆಸರನ್ನು ಸ್ವಲ್ಪ ಬದಿಗಿಟ್ಟು ಆ ಮನುಷ್ಯ ಉತ್ತ ನೆಲವನ್ನು ಹಿಡಿಯಬೇಕು. ನೆಲವನ್ನು ಹಿಡಿಯಲು ಸರ್ವೆ ಇಲಾಖೆಯ ಗ್ರಾಮದ ನಕಾಶೆಗಿಂತ ಉತ್ತಮ ಸಾಧನ ನಾನಂತೂ ಕಂಡಿಲ್ಲ.

ಈ ನಕಾಶೆಗಳು ಹುಟ್ಟಿದ ಬಗೆಯನ್ನು ತುಸು ತಿಳಿದಿರುವದು ಒಳ್ಳೆಯದು. 1799ರಲ್ಲಿ ಟೀಪುವಿನ ಪತನದ ಅನಂತರ ಕೆನರಾ ಪ್ರಾಂತವು ಕಂಪನಿ ಸರಕಾರದ ವಶವಾಯಿತು. ಆಗ ಇಲ್ಲಿ ಕಂದಾಯದ ಲೆಕ್ಕವಿದ್ದುದು 'ವರ್ಗ'ಗಳ ಮೇಲೆ. ಬಿದನೂರಿನ ಅರಸರ ಕಾಲದ ಶಿಸ್ತು ಅದಕ್ಕೆ ಆಧಾರ. ಒಬ್ಬ ವರ್ಗದಾರನ ಭೂಮಿ ಹತ್ತು ಕಡೆ ಚದರಿರಬಹುದು. ಅದರ ಮೊತ್ತ ಕಾಗದದಲ್ಲಿ ಉಂಟು, ಆಕಾರ ಎಲ್ಲಿಯೂ ಇಲ್ಲ. 1862ರಲ್ಲಿ ಉತ್ತರ ಕನ್ನಡವು ಮದ್ರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಪುಣೆಯ ಕಡೆಯ ಇಂದಾಪುರ ತಾಲೂಕಿನಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಆರಂಭಿಸಿದ ಅಳತೆಯ ಪದ್ಧತಿಯು ಇದರ ಬೆನ್ನಿಗೇ ನಮ್ಮ ಜಿಲ್ಲೆಗೂ ಬಂದಿತು. ಭೂಮಾಲಿಕರು ಸುಮ್ಮನಿರಲಿಲ್ಲ. ಹಳೆಯ ತೆರಿಗೆಯೇ ಶಾಶ್ವತವಾದದ್ದು, ಅದನ್ನು ಏರಿಸಲು ಸರಕಾರಕ್ಕೆ ಅಧಿಕಾರವಿಲ್ಲ ಎಂದು ಅವರು ಹೂಡಿದ ದಾವೆ ಮುಂಬಯಿ ಹೈಕೋರ್ಟಿನವರೆಗೆ ಹೋಗಿ, 1875ರಲ್ಲಿ ಸರಕಾರದ ಪರವಾಗಿ ತೀರ್ಮಾನವಾಯಿತು. ನಮ್ಮ ಪೂರ್ವಿಕರು ಶಪಿಸಿದ ಆ ಸರಪಳಿಯೇ ಇಂದು ನಮಗೆ ಅವರ ವಿಳಾಸ ಹೇಳುತ್ತಿದೆಯೆಂಬುದು ಒಂದು ತಮಾಷೆ.

ಸರಪಳಿಯ ಉದ್ದ 33 ಅಡಿ; ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಮನೆಯಲ್ಲಿ ಹಿರಿಯರು 'ಮೂರು ಗುಂಟೆ ಎಂಟಾಣೆ' ಎನ್ನುವದು ದುಡ್ಡಿನ ಲೆಕ್ಕವಲ್ಲ, ಈ ಸರಪಳಿಯ ಲೆಕ್ಕ. ಮೈಲಿಗೆ 8 ಇಂಚಿನ ಪ್ರಮಾಣದಲ್ಲಿ ತೆಗೆದ ಗ್ರಾಮದ ನಕಾಶೆಯಲ್ಲಿ ಪ್ರತಿ ಸರ್ವೆ ನಂಬರಿನ ಗಡಿ, ಹಳ್ಳ, ಕೆರೆ, ದಾರಿ, ದೇವಸ್ಥಾನ, ಬಾಂದುಕಲ್ಲುಗಳು ಕಾಣುತ್ತವೆ. ಒಂದೊಂದೇ ನಂಬರಿನ ಅಳತೆ ಬೇಕಾದರೆ 'ಟಿಪ್ಪಣಿ', ಕ್ಷೇತ್ರ ಮತ್ತು ಆಕಾರ ಬೇಕಾದರೆ 'ಆಕಾರಬಂದು' ನೋಡಬೇಕು. ನಕಾಶೆಯಲ್ಲಿ ಮನುಷ್ಯನ ಹೆಸರು ಮಾತ್ರ ಒಂದೂ ಇಲ್ಲ. ಅದನ್ನು ಕೊಡುವದು ರಜಿಸ್ಟರು. ಇವೆರಡನ್ನೂ ಒಂದೇ ಮೇಜಿನ ಮೇಲೆ ಹರಡಿದಾಗಲೇ ಕೆಲಸ ಸಾಗುತ್ತದೆ.

ಆರಂಭ ಇಂದಿನ ಪಹಣಿಯಿಂದ. ಅದರಲ್ಲಿಯ ಸರ್ವೆ ನಂಬರು, ಹಿಸ್ಸಾ ನಂಬರುಗಳನ್ನು ಬರೆದುಕೊಂಡು ಕೈಬರಹದ ಹಳೆಯ ಪಹಣಿಗಳಿಗೆ, ಹಕ್ಕು ಬದಲಾವಣೆಯ ದಾಖಲೆಗಳಿಗೆ ಹಿಂದೆ ಹಿಂದೆ ಹೋಗಬೇಕು. ಮುಂಬಯಿ ಇಲಾಖೆಯಲ್ಲಿ ಹಕ್ಕುದಾಖಲೆಯ ಕಾಯದೆ ಬಂದದ್ದು 1903ರಲ್ಲಿ; ಅಲ್ಲಿಂದೀಚೆಗೆ ಯಾರು ತೀರಿಕೊಂಡರು, ಯಾರು ವಾರಸರಾದರು, ಯಾರು ಯಾರಿಗೆ ಮಾರಿದರು ಎಂಬುದು ನಂಬರಿನ ಜೊತೆಗೇ ನಡೆದುಬರುತ್ತದೆ. ನಂಬರು ಹಿಸ್ಸೆಗಳಾಗಿ ಒಡೆದಿದ್ದರೆ ಅದು ಅಣ್ಣತಮ್ಮಂದಿರು ಪಾಲಾದ ಗುರುತಾಗಿರಬಹುದು. ನನಗೆ ತುಂಬ ಇಷ್ಟವಾದದ್ದು ಈ ಭಾಗ. ನಾನು ನೋಡಿದ ಒಂದು ನಂಬರಿನಲ್ಲಿ ನಾಲ್ಕು ಹಿಸ್ಸೆಗಳೂ ಸಪೂರ ಪಟ್ಟಿಗಳಂತೆ ಉದ್ದಕ್ಕೆ ಹರಿದು ಹಳ್ಳಕ್ಕೆ ಮುಟ್ಟಿವೆ. ಅಡ್ಡ ಸೀಳಿದ್ದರೆ ಒಬ್ಬನಿಗಷ್ಟೇ ನೀರು ಸಿಗುತ್ತಿತ್ತು. ಜಗಳವಾಡಿಯೇ ಪಾಲಾಗಿರಬಹುದು, ಆದರೆ ನೀರಿನ ವಿಷಯದಲ್ಲಿ ನ್ಯಾಯ ತಪ್ಪಲಿಲ್ಲ.

ನಮ್ಮ ತಾಲೂಕಿನಲ್ಲಿ ಹೀಗೆ ಹಿಂದೆ ಹೋಗುವವನು 1930ರ ದಶಕದಲ್ಲಿ ಎಚ್ಚರದಿಂದಿರಬೇಕು. ಉಪ್ಪಿನ ಸತ್ಯಾಗ್ರಹದ ಅನಂತರ ಅಂಕೋಲೆ ಸಿದ್ದಾಪುರಗಳಲ್ಲಿ ಕರನಿರಾಕರಣೆ ನಡೆಯಿತು; ತೆರಿಗೆ ಕೊಡದವರ ಭೂಮಿ ಜಪ್ತಾಗಿ ಪರರ ಪಾಲಾಯಿತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಮಂತ್ರಿಮಂಡಲವು ಅಂಥ ಭೂಮಿಗಳನ್ನು ಮರಳಿಸುವ ವ್ಯವಸ್ಥೆ ಮಾಡಿತು. ಹೆಸರನ್ನಷ್ಟೇ ಹುಡುಕುವವನಿಗೆ ಇಲ್ಲಿ ಮನೆತನವೇ ಮುಗಿದಂತೆ ಕಾಣಬಹುದು. ನಂಬರನ್ನು ಹಿಡಿದವನು ನಡುವಿನ ಕೆಲವು ವರ್ಷಗಳನ್ನು ದಾಟಿ ಆಚೆ ದಡ ಸೇರುತ್ತಾನೆ.

ಇಷ್ಟೆಲ್ಲ ಭೂಮಿಯುಳ್ಳವರ ಮಾತಾಯಿತು. ನಮ್ಮದು ಗೇಣಿ ಮಾಡಿದ ಮನೆ. ಒಡೆಯನ ಕಲಮಿನಲ್ಲಿ ನಮ್ಮವರ ಹೆಸರು ಹುಡುಕಿ ಫಲವಿಲ್ಲ. ಇಂಥವರಿಗೆ ದೊಡ್ಡ ಆಸರೆ ಭೂಸುಧಾರಣೆಯ ಕಡತ. 1961ರ ಕಾಯದೆಗೆ ಆದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಗೇಣಿದಾರರು ಫಾರ್ಮ್ ನಂಬರು 7ರಲ್ಲಿ ಅರ್ಜಿ ಕೊಟ್ಟರು. ಸರ್ವೆ ನಂಬರು, ಎಷ್ಟು ಕಾಲದಿಂದ ಸಾಗುವಳಿ, ಒಡೆಯರು ಯಾರು, ಮುಂದೆ ಭೂನ್ಯಾಯ ಮಂಡಳಿಯ ಎದುರಿನ ಹೇಳಿಕೆ – ಓದುಬರಹವಿಲ್ಲದ ಅಜ್ಜಂದಿರ ಬಾಯಿಮಾತು ಕಾಗದಕ್ಕಿಳಿದದ್ದು ಎಷ್ಟೋ ಮನೆಗಳಲ್ಲಿ ಅದೇ ಮೊದಲು.

ಆ ಕಡತದಲ್ಲಿ ಸಿಕ್ಕ ಎರಡು ನಂಬರುಗಳನ್ನು ನಾನು ನಕಾಶೆಯಲ್ಲಿ ಗುರುತಿಸಿದೆ. ಒಂದು ಗಂಗಾವಳಿ ಹೊಳೆಯಂಚಿನ ಗಜನಿ. ಉಪ್ಪುನೀರು ನುಗ್ಗುವ, ಕಗ್ಗ ಭತ್ತ ಬೆಳೆಯುವ ನೆಲ. ಇನ್ನೊಂದು ಗುಡ್ಡದ ಬುಡದ ಮಕ್ಕಿಗದ್ದೆ. ನಡುವೆ ಒಂದು ಮೈಲಿಗೂ ಮಿಕ್ಕಿದ ದೂರ. ನನ್ನ ಮುತ್ತಜ್ಜನಿಗೆ ಇಬ್ಬರು ಹೆಂಡಿರು, ಒಬ್ಬಳು ಹೊಳೆಯ ಬದಿಯವಳು, ಒಬ್ಬಳು ಗುಡ್ಡದ ಬದಿಯವಳು ಎಂದು ಮನೆಯಲ್ಲಿ ಕತೆಯಿತ್ತು. ಆದರೆ ಹಳೆಯ ಪಹಣಿಯಲ್ಲಿ ಒಂದೇ ವರ್ಷ ಎರಡೂ ನಂಬರಿಗೆ ಸಾಗುವಳಿದಾರನ ಹೆಸರು ಒಂದೇ ಇದ್ದರೂ ತಂದೆಯ ಹೆಸರು ಬೇರೆ ಬೇರೆ. ಒಬ್ಬನಿಗೆ ಇಬ್ಬರು ಹೆಂಡಿರಲ್ಲ. ಒಂದೇ ಹೆಸರಿನ ಇಬ್ಬರು ಗಂಡಸರು, ಒಬ್ಬೊಬ್ಬನಿಗೆ ಒಬ್ಬೊಬ್ಬ ಹೆಂಡತಿ! ಈ ಸುದ್ದಿ ಹೇಳಿದಾಗ ನಮ್ಮ ದೊಡ್ಡಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಸವತಿಯ ಮಕ್ಕಳೆಂದು ಮೂರು ತಲೆಮಾರು ದೂರ ಇಟ್ಟವರು ಹಾಗಾದರೆ ಯಾರು ಎಂದು ಆಮೇಲೆ ಕೇಳಿದಳು. ಅದಕ್ಕೆ ನಕಾಶೆಯಲ್ಲಿ ಉತ್ತರವಿಲ್ಲ.

ಕೆಲವರಿಗಂತೂ ಊರೇ ಈಗ ನಕಾಶೆಯಲ್ಲಿ ಮಾತ್ರ ಉಳಿದಿದೆ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಅಂಕೋಲೆಗಳ ಕಡಲತೀರದ ಕುಟುಂಬಗಳು ಮನೆಮಾರು ಬಿಟ್ಟವು. ಅರ್ಗಾದ ಬಳಿಯ ನೆಲೆ 2005ರಲ್ಲಿ ಕಾರ್ಯಾರಂಭ ಮಾಡಿದೆ. ಅದರ ಬೇಲಿಯೊಳಗಿನ ತಮ್ಮ ಬಾವಿ, ದೇವರಕಲ್ಲು ಎಲ್ಲಿದ್ದವೆಂದು ಮಕ್ಕಳಿಗೆ ತೋರಿಸಲು ಆ ಜನಕ್ಕೆ ಬೇರೆ ದಾರಿಯಿಲ್ಲ. ಇಂಥಲ್ಲಿ ಭಾರತ ಸರ್ವೇಕ್ಷಣ ಇಲಾಖೆಯ ಮೈಲಿಗೊಂದಿಂಚಿನ ಹಳೆಯ ಹಾಳೆಗಳನ್ನೂ ನೋಡಬೇಕು. ನಮ್ಮ ತೀರ 48-ಜೆ ಹಾಳೆಗಳಲ್ಲಿ ಬರುತ್ತದೆ. ಗ್ರಾಮದ ನಕಾಶೆಯಲ್ಲಿಲ್ಲದ ಕೇರಿ ಕೊಪ್ಪಗಳ ಹೆಸರು ಅವುಗಳಲ್ಲಿ ಸಿಗುವದುಂಟು.

ಗ್ರಾಮದ ನಕಾಶೆಗಳನ್ನು ಇಂದು ಭೂಮಾಪನ ಇಲಾಖೆಯ ಜಾಲತಾಣದಿಂದಲೇ ಪಡೆಯಬಹುದು. ಟಿಪ್ಪಣಿಯ ನಕಲಿಗೆ ಅರ್ಜಿ ಕೊಟ್ಟು, ಶುಲ್ಕ ತೆರಬೇಕು. ಗದ್ದೆಗಳ ಹೆಸರು ಯಾವ ಕಚೇರಿಯಲ್ಲಿಯೂ ಕ್ರಮವಾಗಿ ಸಿಗದು. ಅದಕ್ಕಾಗಿ ನಾನು ನಕಾಶೆಯ ದೊಡ್ಡ ಪ್ರತಿಯೊಂದನ್ನು ಹಿಡಿದು ನೆರೆಮನೆಯ ಮುದುಕರೊಬ್ಬರ ಹಿಂದೆ ಗಜನಿಯ ಕಟ್ಟೆಯ ಮೇಲೆ ಎರಡು ಬೆಳಗು ತಿರುಗಿದೆ. ಅವರು ಹೇಳುತ್ತ ಹೋದರು, ನಾನು ಪೆನ್ಸಿಲಿನಿಂದ ಬರೆಯುತ್ತ ಹೋದೆ. ಹನ್ನೊಂದು ಹೆಸರು ಬಂದವು. ಒಂಬತ್ತಕ್ಕೆ ನಂಬರು ಕೂಡಿತು. ಉಳಿದೆರಡು ಗದ್ದೆಗಳಿರುವದು ಈಗಿನ ಹೊಳೆಯ ನೀರಿನಲ್ಲಿ ಎಂದು ಅವರು ಕೈ ತೋರಿಸಿದರು.